ಟೊಮೆಟೊ ಎಲೆಯ ಘಾಟು ಕೀಟನಾಶಕದ್ದಲ್ಲ

ಟೊಮೆಟೊ ಗಿಡವನ್ನು ಮುಟ್ಟಿದಾಗ ಬೆರಳಿಗೆ ಅಂಟುವ ಹಳದಿ ಮಿಶ್ರಿತ ಹಸಿರು ಕಲೆ ಹಾಗೂ ಘಾಟು ವಾಸನೆ ಕೀಟನಾಶಕದ ಗುರುತೆಂಬ ಸಂದೇಶವೊಂದು ಮಂಗಳೂರಿನ ತಾರಸಿ ತೋಟಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ, ಏನನ್ನೂ ಸಿಂಪಡಿಸದೆ ಬೆಳೆಸಿದ ಗಿಡದಲ್ಲಿಯೂ ಅದೇ ಕಲೆ, ಅದೇ ವಾಸನೆ ಇರುತ್ತದೆ.

ಈ ಗಿಡದ ಎಲೆ ಮತ್ತು ಕಾಂಡದ ಮೇಲೆ ಸೂಕ್ಷ್ಮ ರೋಮಗಳಿದ್ದು, ಅವುಗಳಲ್ಲಿ ಒಂದು ಬಗೆಯ ರೋಮದ ತುದಿಯಲ್ಲಿ 4 ಜೀವಕೋಶಗಳ ಪುಟ್ಟ ಗ್ರಂಥಿಯಿರುತ್ತದೆ. ದ್ಯುತಿಸಂಶ್ಲೇಷಣೆಯಿಂದ ದೊರೆತ ಸಕ್ಕರೆಯ ಇಂಗಾಲವನ್ನು ಬಳಸಿ, ಕಿಣ್ವಗಳ ನೆರವಿನಿಂದ, ಆ ಕೋಶಗಳು ಬೀಟಾ-ಫೆಲಾಂಡ್ರೀನ್‌ನಂತಹ ಟರ್ಪೀನ್‌ಗಳನ್ನು (ಸುಲಭವಾಗಿ ಆವಿಯಾಗುವ ವಾಸನೆಯ ವಸ್ತುಗಳನ್ನು) ತಯಾರಿಸಿ ಕೂಡಿಡುತ್ತವೆ. ಕೀಟದ ಕಾಲೋ ನಮ್ಮ ಬೆರಳೋ ತಗುಲಿದೊಡನೆ ಗ್ರಂಥಿ ಒಡೆದು ಅವು ಗಾಳಿಗೆ ಸೇರುತ್ತವೆ. ಕಲೆಗೆ ಮುಖ್ಯ ಕಾರಣ ಅದೇ ಗ್ರಂಥಿಯಲ್ಲಿರುವ ಫ್ಲೇವನಾಯ್ಡ್‌ಗಳೆಂಬ ಸಸ್ಯ ವರ್ಣದ್ರವ್ಯಗಳು. ಎಲೆ ಹರಿದಾಗ ಬರುವ ಹಸಿ ವಾಸನೆ ಹುಟ್ಟುವ ಬಗೆ ಬೇರೆ: ಕೋಶದ ಪೊರೆಗಳ ಕೊಬ್ಬಿನಾಮ್ಲಗಳನ್ನು ಕಿಣ್ವಗಳು ಕ್ಷಣಗಳಲ್ಲಿ ತುಂಡರಿಸಿ, 6 ಇಂಗಾಲಗಳ ಆಲ್ಡಿಹೈಡ್‌ಗಳೆಂಬ ವಾಸನೆಯ ಸಂಯುಕ್ತಗಳನ್ನು ಉಂಟುಮಾಡುತ್ತವೆ.

ನಮ್ಮ ಅಂಗಳದ ದೊಡ್ಡಪತ್ರೆಯ ಘಮಕ್ಕೂ ಗ್ರಂಥಿರೋಮಗಳೇ ಮೂಲ. ಕೀಟನಾಶಕದ ಬಗೆಗಿನ ಆತಂಕ ನ್ಯಾಯವಾದುದೇ. ಆದರೆ ಹಲವು ಕೀಟನಾಶಕಗಳ ಉಳಿಕೆಗೆ ಗುರುತಿಸಬಹುದಾದ ವಾಸನೆಯೇ ಇರುವುದಿಲ್ಲವಾದ್ದರಿಂದ, ಅದನ್ನು ಮೂಗಿನಿಂದಲ್ಲ, ಪ್ರಯೋಗಾಲಯದಲ್ಲಿಯೇ ಅಳೆಯಬೇಕಾಗುತ್ತದೆ.