ಚಾಕ್‌ಪೀಸಿಗೂ ಶೀತ

ಜುಲೈ ತಿಂಗಳಲ್ಲಿ ಉಡುಪಿ ಕಡೆಯ ಶಾಲೆಗಳಲ್ಲಿ ಟೀಚರು ಬೋರ್ಡಿನ ಮೇಲೆ ಬರೆದದ್ದು ಬರೆದ ಕೂಡಲೇ ಕಾಣಬೇಕೆಂದೇನೂ ಇಲ್ಲ. ಹೊರಗೆ ಮಳೆ ಜಡಿಯುತ್ತಿದ್ದರೆ ಒಳಗೆ ಗೋಡೆ ಬೆವರುತ್ತದೆ, ಗೋಡೆಯ ಜತೆ ಬೋರ್ಡೂ ಬೆವರುತ್ತದೆ. ಶೀತ ಹಿಡಿದ ಚಾಕ್‌ಪೀಸು ಅದರ ಮೇಲೆ ಸಾಬೂನಿನ ಹಾಗೆ ಜಾರುತ್ತದೆ. ಏಳರ ಮಗ್ಗಿ ಬರೆದು ಮುಗಿಸಿ ನೋಡಿದರೆ ಬೋರ್ಡು ಖಾಲಿ. ಸ್ವಲ್ಪ ಹೊತ್ತು ಬಿಟ್ಟು, ಅಶೋಕನ ಶಾಸನಗಳ ಪಾಠ ನಡೆಯುತ್ತಿರುವಾಗ, ಏಳೇಳ್ಲ ನಲವತ್ತೊಂಬತ್ತು ಬೆಳ್ಳಗೆ ಎದ್ದು ಬರುತ್ತದೆ. ಇದರಲ್ಲಿ ಪವಾಡವೇನಿಲ್ಲ. ಪುಡಿಯ ಕಣಗಳ ನಡುವೆ ನೀರು ತುಂಬಿದ್ದರೆ ಬೆಳಕು ಚೆದುರುವುದಿಲ್ಲ, ಹಾಗಾಗಿ ಬಿಳುಪು ಕಾಣುವುದಿಲ್ಲ. ನೀರು ಆರಿದ ಮೇಲೆ ಅಕ್ಷರ ಕಾಣುತ್ತದೆ. ಮಕ್ಕಳಿಗೆ ಇದನ್ನು ವಿಜ್ಞಾನದ ಪೀರಿಯಡ್ಡಿನಲ್ಲಿ ಹೇಳಬಹುದು, ಗಣಿತದ ಪೀರಿಯಡ್ಡಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಚಾಕ್‌ಪೀಸನ್ನು ಒಣಗಿಸಿ ಇಟ್ಟುಕೊಳ್ಳುವುದೇ ಒಂದು ಕೆಲಸ. ಈಗಿನವು ಹೆಚ್ಚಾಗಿ ಜಿಪ್ಸಂನವು, ಮೈತುಂಬ ರಂಧ್ರ. ರಟ್ಟಿನ ಡಬ್ಬದಲ್ಲಿ ಬಿಟ್ಟರೆ ರಟ್ಟು ಹೀರಿದ ತೇವವೆಲ್ಲ ಅವಕ್ಕೇ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಭರಣಿಗೆ ಹಾಕಿ, ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದ ಅಕ್ಕಿ ಇಟ್ಟರೆ ವಾರ ತಳ್ಳಬಹುದು. ದಿನದ ಲೆಕ್ಕದ ನಾಲ್ಕೈದು ತುಂಡುಗಳನ್ನು ಬಿಸಿಯೂಟದ ಅಡುಗೆಕೋಣೆಯಲ್ಲಿ, ಒಲೆಯಿಂದ ಎರಡಡಿ ದೂರದ ಹಲಗೆಯ ಮೇಲೆ ಹರಡಿಟ್ಟರೆ ಇನ್ನೂ ಒಳ್ಳೆಯದು. ಅವಸರಕ್ಕೆ ನೇರ ಬೆಂಕಿಗೆ ಹಿಡಿದರೆ ಕೈಯಲ್ಲೇ ಪುಡಿಯಾಗುತ್ತದೆ. ಬೋರ್ಡು ಯಾವ ಗೋಡೆಯಲ್ಲಿದೆ ಎಂಬುದೂ ಮುಖ್ಯ. ಕರಾವಳಿಯಲ್ಲಿ ಮಳೆ ಕಡಲಿನ ಕಡೆಯಿಂದ ಓರೆಯಾಗಿ ಬೀಸುವುದರಿಂದ ಪಡುಗೋಡೆಯ ಬೋರ್ಡು ಸೆಪ್ಟೆಂಬರಿನ ತನಕ ಒಣಗುವುದಿಲ್ಲ. ಶಾಲೆ ಕಟ್ಟಿಸುವವರು ವಾಸ್ತು ಕೇಳುತ್ತಾರೆ, ಇದನ್ನು ಕೇಳುವುದಿಲ್ಲ.

ಹಿಮ ಬೀಳುವ ದೇಶಗಳ ಮಾಸ್ತರರಿಗೆ ಚಳಿಗಾಲದಲ್ಲಿ ಬೂಟು, ಕೈಗವುಸು, ಕೋಟಿನ ಜಿಪ್ಪು ಇವುಗಳಲ್ಲೇ ಅರ್ಧ ದಿನ ಹೋಗುತ್ತದಂತೆ. ಇಲ್ಲಿನವರಿಗೆ ಆ ಪಾಡು ಜೂನಿನಿಂದ. ಹತ್ತು ಇಂಚು ಹೊಸ ಹಿಮ ಕರಗಿದರೆ ಹೆಚ್ಚುಕಡಿಮೆ ಒಂದು ಇಂಚು ನೀರು ಎಂಬುದು ಅವರ ಸ್ಥೂಲ ಲೆಕ್ಕ. ಆ ಲೆಕ್ಕ ಹಿಡಿದರೆ ಉಡುಪಿಯಲ್ಲಿ ಒಂದು ರಾತ್ರಿ ಸುರಿಯುವ 100 ಮಿ.ಮೀ. ಮಳೆ ಒಂದು ಮೀಟರ್ ಹಿಮ. ಒಂದನೇ ಕ್ಲಾಸಿನ ಮಕ್ಕಳ ತಲೆ ಮಾತ್ರ ಮೇಲೆ ಕಾಣುತ್ತಿತ್ತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಬೀಳುವ ಊರಿದು. ಇಂಗ್ಲಿಷ್ ಪಾಠದಲ್ಲಿ ಹಿಮ ಬಂದಾಗ ಮಲ್ಪೆಯ ಮಕ್ಕಳಿಗೆ ತೋರಿಸಲು ಇರುವುದು ಬಂಗುಡೆಯ ಮೇಲೆ ಸುರಿಯುವ ಐಸಿನ ಪುಡಿ. ಆದರೆ ಪಾಠ ಜೂನ್–ಜುಲೈಯಲ್ಲಿ ಬಂದರೆ ಅದೂ ಅಪರೂಪ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ.

ಇನ್ನು ಕೊಡೆಗಳು. ನಲವತ್ತು ಮಕ್ಕಳೆಂದರೆ ನಲವತ್ತು ಕೊಡೆ, ಅದರಲ್ಲಿ ಮೂವತ್ತು ಕಪ್ಪು. ಜಗಲಿಯಲ್ಲಿ ಬಿಡಿಸಿಟ್ಟರೆ ಗಾಳಿಗೆ ಮೈದಾನ ಸೇರುತ್ತವೆ, ಮೂಲೆಯಲ್ಲಿ ಮಡಚಿ ಒಟ್ಟಿದರೆ ಕಡ್ಡಿಯ ಸಂದುಗಳಿಗೆ ತುಕ್ಕು ಹಿಡಿದು ಆಗಸ್ಟ್ ನಡುವಿಗೆ ತುಳುವರ ಆಟಿ ತಿಂಗಳು ಮುಗಿಯುವುದರೊಳಗೆ ಒಂದೊಂದೇ ಕೈಕೊಡುತ್ತವೆ. ಜಗಲಿಯ ಉದ್ದಕ್ಕೆ ನೈಲಾನ್ ಹಗ್ಗ ಕಟ್ಟಿ, ಹಿಡಿಯಿಂದ ನೇತುಹಾಕಿ, ಪಟ್ಟಿ ಬಿಚ್ಚಿ ಸಡಿಲ ಬಿಡುವುದೊಂದೇ ದಾರಿ. ಹೆಸರನ್ನು ಸ್ಕೆಚ್‌ಪೆನ್ನಿನಲ್ಲಿ ಬರೆದರೆ ಮೂರನೇ ದಿನಕ್ಕೆ ತೊಳೆದುಹೋಗುತ್ತದೆ. ಹಿಡಿಯ ಮೇಲೆ ನೈಲ್‌ಪಾಲಿಶಿನ ಅಕ್ಷರ, ಬಟ್ಟೆಯ ಅಂಚಿಗೆ ಬಣ್ಣದ ನೂಲಿನ ಎರಡು ಹೊಲಿಗೆ, ಇವು ಉಳಿಯುತ್ತವೆ. ಸಂಜೆ ಬೆಲ್ಲು ಹೊಡೆದ ಮೇಲೆ ನಡೆಯುವ ‘ಇದು ನಂದು ಮಾರ್ರೆ’ ಎಂಬ ವ್ಯಾಜ್ಯವನ್ನು ತೀರ್ಮಾನಿಸುವ ಸಾಕ್ಷಿಯೂ ಆ ಹೊಲಿಗೆಯೇ.

ಟೀಚರ ಕಾಲಿನ ವಿಷಯವನ್ನೂ ಹೇಳಬೇಕು. ಹವಾಯಿ ಚಪ್ಪಲಿ ಮಳೆಗೆ ಒಳ್ಳೆಯದೆಂದು ನಂಬುವವರಿದ್ದಾರೆ. ಅದರ ಹಿಮ್ಮಡಿ ಪ್ರತಿ ಹೆಜ್ಜೆಗೂ ಕೆಸರನ್ನು ಚಿಮ್ಮಿಸಿ ಸೀರೆಯ ಹಿಂಭಾಗಕ್ಕೆ ಮೊಣಕಾಲಿನವರೆಗೆ ಚುಕ್ಕಿ ಇಡುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿದರೆ ಈ ಚಿತ್ತಾರವಿಲ್ಲ. ಸಿಂಥೆಟಿಕ್ ಸೀರೆಯ ಅಂಚು ಎರಡು ಪೀರಿಯಡ್ಡಿನಲ್ಲಿ ಆರುತ್ತದೆ, ಕಾಟನ್ ಸೀರೆಯದು ಮನೆ ತಲುಪಿದರೂ ಚಂಡಿಯೇ.

ಹಳೆಯ ಶಾಲೆಗಳ ಮಾಡು ಮಂಗಳೂರು ಹೆಂಚಿನದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಬ್ಬಿದ ಹೆಂಚು ಇದು. ಒಂದರ ತುಟಿ ಇನ್ನೊಂದರ ಕೊರಕಲಿನಲ್ಲಿ ಕೂರುವ ಏರ್ಪಾಡು ಜಾಣತನದ್ದೇ. ಆದರೆ ಕೊರಕಲಿನಲ್ಲಿ ತರಗೆಲೆ ತುಂಬಿದರೆ ನೀರು ಪಕ್ಕಕ್ಕೆ ಉಕ್ಕಿ ಒಳಗೆ ಇಳಿಯುತ್ತದೆ. ಮಂಗ ಓಡಾಡಿ ಒಂದು ಹೆಂಚು ಜಾರಿಸಿದರೂ ಅಷ್ಟೆ. ಮೇ ತಿಂಗಳಲ್ಲೇ ಮಾಡು ಹತ್ತಿ ಕೈಯಾಡಿಸದಿದ್ದರೆ ಜೂನಿನಲ್ಲಿ ಬೆಂಚುಗಳ ವಲಸೆ ಶುರು. ಇಪ್ಪತ್ತಕ್ಕೆ ಮೂವತ್ತಡಿಯ ಕ್ಲಾಸಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಐದೂವರೆ ಸಾವಿರ ಲೀಟರಿಗೂ ಹೆಚ್ಚು ನೀರು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಅಂದರೆ ಒಂದು ಲೀಟರ್ ಎಂಬ ಈ ಲೆಕ್ಕವನ್ನು ಏಳನೇ ಕ್ಲಾಸಿನವರಿಂದಲೇ ಮಾಡಿಸಬಹುದು, ಬಕೆಟ್ಟು ಎದುರಿಗೇ ಇರುತ್ತದೆ.

ಹೆಂಚಿನಡಿ ಮಳೆಯ ಸದ್ದು ಹೇಗೋ ತಡೆದುಕೊಳ್ಳಬಹುದು. ತಗಡಿನ ಶೀಟಿನಡಿ ಸಾಧ್ಯವಿಲ್ಲ. ಧೋ ಎಂದು ಹೊಡೆದಾಗ ಮೂರನೇ ಬೆಂಚಿನವರಿಗೆ ಟೀಚರ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಅದರ ಜತೆ ಸ್ಪರ್ಧೆಗಿಳಿದು ಬೊಬ್ಬೆ ಹೊಡೆದವರ ಗಂಟಲು ಜೂನ್ ಮುಗಿಯುವುದರೊಳಗೆ ಕೂತುಹೋಗುತ್ತದೆ. ಅನುಭವಸ್ಥರು ಪಾಠಗಳನ್ನು ಮಳೆಗೆ ತಕ್ಕಂತೆ ಎತ್ತಿಡುತ್ತಾರೆ: ಪದ್ಯ, ಉಕ್ತಲೇಖನ, ಕಥೆ ಹೊಳವಾದಾಗ, ನಕಾಶೆ, ಕಾಪಿ, ಕೂಡುವ ಕಳೆಯುವ ಲೆಕ್ಕ ಜಡಿಮಳೆಗೆ. ವೇಳಾಪಟ್ಟಿ ಹೆಡ್‌ಮಾಸ್ಟರ ಕೋಣೆಯ ಗೋಡೆಯಲ್ಲಿ ಬೇರೆ ಇರುತ್ತದೆ, ಇರಲಿ. ಕರೆಂಟು ಹೋದರೆ ಹನ್ನೊಂದು ಗಂಟೆಗೇ ಸಂಜೆಯ ಕತ್ತಲು, ಆಗ ಬಾಯಿಮಗ್ಗಿ.

ಟೆಸ್ಟಿಗೆ ಜೆಲ್ ಪೆನ್ ಬೇಡವೆಂದು ಮೊದಲೇ ಹೇಳಬೇಕು. ಅದರ ಶಾಯಿ ನೀರಿನದು, ಒಂದು ಹನಿ ಬಿದ್ದರೆ ಉತ್ತರವೆಲ್ಲ ನೀಲಿ ಕೆರೆ. ಬಾಲ್‌ಪೆನ್ನಿನದು ಎಣ್ಣೆಯ ಶಾಯಿ, ಕದಡುವುದಿಲ್ಲ. ಒದ್ದೆಯಾದ ಹಾಳೆಗಳನ್ನು ಒರೆಸಬಾರದು, ನಡುನಡುವೆ ನ್ಯೂಸ್‌ಪೇಪರ್ ಇಟ್ಟು ಮೇಲೆ ಭಾರ ಹೇರಬೇಕು, ಗಂಟೆಗೊಮ್ಮೆ ಪೇಪರ್ ಬದಲಿಸಬೇಕು. ಲೈಬ್ರರಿಯ ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟರೆ ಬೂಷ್ಟು ಕಡಿಮೆ. ಕ್ಷೀರಭಾಗ್ಯದ ಹಾಲಿನ ಪುಡಿಗೂ ಇದೇ ರೋಗ: ಬಿಚ್ಚಿದ ಪ್ಯಾಕೆಟ್ಟು ಒಂದೇ ರಾತ್ರಿಗೆ ಗಂಟು ಕಟ್ಟುತ್ತದೆ. ಮಗುವಿಗೆ 18 ಗ್ರಾಂ ಪುಡಿಯಲ್ಲಿ 150 ಮಿ.ಲೀ. ಹಾಲು. ಅರವತ್ತು ಮಕ್ಕಳಿಗೆ ಕಿಲೋ ದಾಟುವ ಪುಡಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಆಮೇಲೆ ಕುದಿಸಬೇಕು. ಕುದಿಯುವ ನೀರಿಗೇ ಸುರಿದರೆ ಗಂಟುಗಳು ಗ್ಲಾಸಿನ ತಳದಲ್ಲಿ ಉಳಿದು, ಆ ಗ್ಲಾಸು ಕಿಟಕಿಯಿಂದಾಚೆ ಚೆಲ್ಲಿ ಖಾಲಿಯಾಗುತ್ತದೆ.

ರಜೆಯ ಮಾತಿಲ್ಲದೆ ಮಳೆಗಾಲದ ಶಾಲೆ ಪೂರ್ತಿಯಾಗದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ಮುಟ್ಟಿದರೆ ಅತಿ ಭಾರೀ ಮಳೆ, 204.4 ದಾಟುವ ಅಂದಾಜಿದ್ದರೆ ರೆಡ್ ಅಲರ್ಟ್. ಜಿಲ್ಲಾಧಿಕಾರಿಗಳು ರಜೆ ಕೊಟ್ಟ ಮರುದಿನ ಫಳಫಳ ಬಿಸಿಲು ಬರುತ್ತದೆಂಬುದು ಕರಾವಳಿಯ ಹಳೆಯ ಜೋಕು. ಆದರೆ ಇದರಲ್ಲಿ ಯಾರ ತಪ್ಪೂ ಇಲ್ಲ. ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಯಿಂದ ಮರುಬೆಳಿಗ್ಗೆ ಎಂಟೂವರೆಗೆ. ಮಳೆ ಶಾಲೆಯ ಹೊತ್ತು ಬಿಟ್ಟು ನಡುರಾತ್ರಿ ಸುರಿದರೂ ಅಂದಾಜು ಸರಿಯೇ. ಎಚ್ಚರಿಕೆ ಇಡೀ ಜಿಲ್ಲೆಗೆ, ಮಳೆ ಹೆಬ್ರಿಯ ಘಟ್ಟದ ಬುಡದಲ್ಲಿ ಸುರಿದು ಕಾಪುವಿನಲ್ಲಿ ಬಟ್ಟೆ ಒಣಗುತ್ತಿರಬಹುದು. ಬಿಸಿಲಿದ್ದರೂ ಹಿಂದಿನ ರಾತ್ರಿಯ ನೀರು ತೋಡಿನಲ್ಲಿ ಇಳಿಯುತ್ತಿರುತ್ತದೆ; ಕಾಲುಸಂಕ ದಾಟಿ ಬರುವ ಮಗುವಿಗೆ ಅಪಾಯ ಅದರದ್ದು. ವಾಟ್ಸಾಪಿನ ರಜೆಯಲ್ಲಿ ಅರ್ಧ ಕಳೆದ ವರ್ಷದ್ದು, ಮೊದಲು ತಾರೀಕು ನೋಡಬೇಕು, ಆಮೇಲೆ ಯಾವ ತಾಲೂಕು, ಎಷ್ಟನೇ ತರಗತಿಯವರೆಗೆ ಎಂದು. ಹೈಸ್ಕೂಲಿನ ತನಕ ಎಂದಿದ್ದ ಆದೇಶ ಓದಿ ಪಿಯುಸಿಯವರು ಮಲಗಿಬಿಡುವುದು ಮಾಮೂಲು.

ರಜೆಯೇನೂ ಬಿಟ್ಟಿಯಲ್ಲ. ಶನಿವಾರ ಹೇಗೂ ಬೆಳಗಿನ ಕ್ಲಾಸಿರುವುದರಿಂದ ಮಧ್ಯಾಹ್ನ ತುಂಬಿಸಿದರೆ ಸಿಗುವುದು ಅರ್ಧ ದಿನ; ಒಂದು ರಜೆಗೆ ಎರಡು ಶನಿವಾರ. ಜುಲೈಯಲ್ಲಿ ಆರು ರಜೆ ಬಿದ್ದರೆ ದಸರಾ ರಜೆ ಹತ್ತಿರವಾಗುವ ತನಕ ಶನಿವಾರಗಳು ಮುಗಿದವು ಎಂದೇ ಅರ್ಥ. ಆ ಮಧ್ಯಾಹ್ನಗಳಿಗೆ ಹೊಸ ಪಾಠ ಇಟ್ಟುಕೊಳ್ಳುವುದು ದಂಡ. ಮಕ್ಕಳ ಕಣ್ಣು ಮೈದಾನದ ಮೇಲೆ, ಟೀಚರ ಕಣ್ಣು ನಾಲ್ಕರ ಬಸ್ಸಿನ ಮೇಲೆ. ಬಾಕಿ ಉಳಿದ ನೋಟ್ಸು ತಿದ್ದುವುದಕ್ಕೆ ಮಾತ್ರ ಅದು ಹೇಳಿಮಾಡಿಸಿದ ಹೊತ್ತು.