ರಾಯಚೂರು: ಬಿಟ್ಟುಹೋಗಲು ಬಲು ಅನುಕೂಲದ ಊರು

1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾನೂ ರಾಯಚೂರು ನನಗೆ ಬೇಕು, ನನಗೆ ಬೇಕು ಎಂದು ಕತ್ತಿ ಹಿಡಿದು ಬಡಿದಾಡಿದರು. ರಾಯಚೂರಿನ ಸಲುವಾಗಿ ಬಡಿದಾಟ ಈಗಲೂ ನಡೆದೇ ಇದೆ. ಆದರೆ ಅದು ನನಗೆ ಬೇಡ, ನನಗೆ ಬೇಡ ಎಂದು. ರಣರಂಗವೂ ಬೆಂಗಳೂರಿಗೆ ಸ್ಥಳಾಂತರಗೊಂಡಿದೆ. ವರ್ಗಾವಣೆ ಪಟ್ಟಿ ಹೊರಬೀಳುವ ಹಂಗಾಮಿನಲ್ಲಿ ಹೋದರೆ ನೋಡಬಹುದು. ಶಿಫಾರಸು ಪತ್ರ ಫಲಿಸದವರು, ಅತ್ತೆಯ ಹೃದಯದ ಸರ್ಟಿಫಿಕೇಟೂ ಫಲಿಸದವರು ಸೋತು, ಒಂದು ಸೂಟ್‌ಕೇಸ್ ಹಿಡಿದು ನಮ್ಮ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಇಳಿದವರ ಮೊದಲ ಪ್ರಶ್ನೆ ಒಂದೇ: ಫ್ಯಾಮಿಲಿ ತರಬಹುದಾ?

ಮೈಸೂರಿನಿಂದ ಬಂದ ಬ್ಯಾಂಕಿನ ತರುಣನೊಬ್ಬ ಈ ಪ್ರಶ್ನೆಯನ್ನು ತೀನ್ ಕಂದೀಲ್ ಹತ್ತಿರದ ಚಹಾದಂಗಡಿಯಲ್ಲಿ ಕೇಳಿಬಿಟ್ಟ. ಅಲ್ಲಿ ಸಂಜೆ ಕೂರುವ ಹಿರಿಯರು ಬಿಪಿ, ಶುಗರ್ ಮತ್ತು ರಾಯಚೂರು ಈ ಮೂರೂ ವಿಷಯಗಳಲ್ಲಿ ಪಂಡಿತರು.

"ಯಾಕ ತರಬಾರದ್ರಿ ಸಾಹೇಬ್ರ?" ಎಂದರು ರಿಟೈರ್ಡ್ ಹೆಡ್‌ಮಾಸ್ತರು. "ಬೆಂಗಳೂರಾಗ ಆಫೀಸ್ ಮುಟ್ಟಾಕ ಎರಡು ತಾಸು. ಇಲ್ಲಿ ಎಲ್ಲಿಂದ ಎಲ್ಲಿಗಾದ್ರೂ ಹದಿನೈದು ನಿಮಿಷ."

ತರುಣನ ಮುಖ ಅರಳಿತು. ಹತ್ತಿ ದಲಾಲರು ಅದನ್ನು ಹಾಗೇ ಬಿಡಲಿಲ್ಲ. "ಮುಟ್ಟಿ ಏನ್ ಮಾಡ್ತಾರ ಮಾಸ್ತರ? ಅಲ್ಲಿ ಕರೆಂಟ್ ಇರಂಗಿಲ್ಲ."

ಇಲ್ಲಿ ಒಂದು ಮಾತು ಸೇರಿಸಬೇಕು. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, ಒಟ್ಟು 1,720 ಮೆಗಾವಾಟ್. ಅದು ಸಾಲದೆಂದು ಯರಮರಸ್‌ನಲ್ಲಿ ಇನ್ನೊಂದು ಸ್ಥಾವರ, 1,600 ಮೆಗಾವಾಟಿನದು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಇಷ್ಟು ಬಂಡವಾಳ ಹಾಕಿ ಪಾಲಿಸುವ ಊರು ಇನ್ನೊಂದಿರಲಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕೂಲರ್ ಒಮ್ಮೆ ನರಳಿ ನಿಲ್ಲುತ್ತದೆ, ಹುಲ್ಲಿನ ಪ್ಯಾಡಿನಿಂದ ನೀರು ತೊಟ್ಟಿಕ್ಕುವ ಸದ್ದಷ್ಟೇ ಉಳಿಯುತ್ತದೆ. ಮನೆಮಂದಿ ಹಳೆಯ ಲಗ್ನಪತ್ರಿಕೆಗಳನ್ನು ಹುಡುಕಿ ಗಾಳಿ ಹಾಕಿಕೊಳ್ಳುತ್ತಾರೆ. ಲೈನ್‌ಮನ್‌ಗೆ ಫೋನ್ ಮಾಡಿದರೆ "ಮ್ಯಾಲಿಂದನ ಹೋಗ್ಯದ್ರಿ" ಎನ್ನುತ್ತಾನೆ. ಶಕ್ತಿನಗರ ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಕರೆಂಟು ನಡೆದುಕೊಂಡು ಬಂದರೂ ಸಂಜೆಯೊಳಗೆ ಮುಟ್ಟಬೇಕು. ಬೂದಿ ಮಾತ್ರ ಯಾವ ಕಡಿತವೂ ಇಲ್ಲದೆ ಬರುತ್ತದೆ.

"ಆದ್ರ ಬ್ಯಾಸಗಿಯೊಳಗ ಗೀಸರ್ ಖರ್ಚು ಇಲ್ಲ ನೋಡ್ರಿ," ಎಂದು ಮಾಸ್ತರರು ಲಾಭದ ಖಾತೆಗೆ ಮರಳಿದರು. "ಟ್ಯಾಂಕಿನಾಗ ನೀರು ತಾನ ಕಾಯ್ತದ."

"ಟ್ಯಾಂಕಿನಾಗ ನೀರಿದ್ರ!"

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ನದಿಗಳ ನಡುವಿನ ಫಲವತ್ತಾದ ದೋಆಬ್ ಪ್ರದೇಶ ಎಂದು ನಾವೆಲ್ಲ ಬಾಯಿಪಾಠ ಮಾಡಿ ಐದು ಅಂಕ ಗಳಿಸಿದವರೇ. ಆ ಅಂಕಗಳು ಬಂದಷ್ಟು ಸಲೀಸಾಗಿ ನೀರು ಬರಲಿಲ್ಲ. 2022ರ ಬೇಸಿಗೆಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಅಂದಿನಿಂದ ಎರಡು ನದಿಯ ಊರಿನ ಬಹಳಷ್ಟು ಮನೆಗಳ ಬಾಗಿಲಲ್ಲಿ ನೀಲಿ ಕ್ಯಾನುಗಳು ಮೆರೆಯುತ್ತಿವೆ. ಈ ಚರ್ಚೆಯಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅವರು ಮನೆಯಲ್ಲಿ ನಲ್ಲಿ ಕಾಯುತ್ತಿದ್ದರು.

ತರುಣ ಮಂಡಕ್ಕಿ ಒಗ್ಗರಣೆಯ ತಟ್ಟೆ ಬದಿಗಿಟ್ಟು ಮಕ್ಕಳ ಓದಿನ ಬಗ್ಗೆ ಕೇಳಿದ. ಈ ಸಲ ಬೆಂಚೇ ಬಿಸಿಯಾಯಿತು. ರಾಜ್ಯದ ಪ್ರಾದೇಶಿಕ ಅಸಮಾನತೆ ಅಳೆಯಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ ರಾಯಚೂರಿಗೆ ಐಐಟಿ ಕೊಡಿ ಎಂದು ಬರೆಯಿತು. 2016ರಲ್ಲಿ ಐಐಟಿ ರಾಜ್ಯಕ್ಕೆ ಬಂತು, ಬಂದು ಧಾರವಾಡದಲ್ಲಿ ಇಳಿಯಿತು. ನಮಗೆ 2019ರಲ್ಲಿ ಐಐಐಟಿ ಸಿಕ್ಕಿತು. ಕೇಳಿದ್ದಕ್ಕಿಂತ ಒಂದು ಐ ಹೆಚ್ಚೇ ಕೊಟ್ಟಿದ್ದಾರೆ, ಇನ್ನೂ ಗೊಣಗುತ್ತೀರಲ್ಲ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಆ ಐಐಐಟಿ ರಾಯಚೂರು ಕಣ್ಣುಬಿಟ್ಟದ್ದು ಐಐಟಿ ಹೈದರಾಬಾದಿನ ಆವರಣದಲ್ಲಿ. ಊರಿನ ಹೆಸರು ಹೊತ್ತ ಕಾಲೇಜೇ ಓದಲು ಪರಸ್ಥಳಕ್ಕೆ ಹೋದ ಮೇಲೆ ನಮ್ಮ ಹುಡುಗರಿಗೆ ಏನೆಂದು ಬುದ್ಧಿ ಹೇಳುವುದು?

ದವಾಖಾನೆಯದು ಇನ್ನೂ ಚಂದ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಮಂತ್ರಿಗಳು ಬಂದರು, ಕೂತರು, ಸಂಪೂರ್ಣ ಬೆಂಬಲ ಎಂದರು, ಎದ್ದರು. ಎಲ್ಲ ಪಕ್ಷಗಳೂ ಬೆಂಬಲಿಸುತ್ತವೆ. ಹಾಗಾದರೆ ಧರಣಿ ಯಾರ ವಿರುದ್ಧ ಎಂಬುದೇ ಬಗೆಹರಿಯದ ಪ್ರಶ್ನೆ. ಇಷ್ಟರಲ್ಲಿ ಎದೆ ಹಿಡಿದವರನ್ನು ಆಂಬುಲೆನ್ಸಿಗೆ ಹಾಕಿ ಹೈದರಾಬಾದಿನ ದಾರಿ ಹಿಡಿಯುವುದು ರೂಢಿಯಾಗಿದೆ. ಅಳಿಯಂದಿರಿಗೆ ಆಸ್ಪತ್ರೆಯ ಲಿಫ್ಟ್ ಯಾವ ಕಡೆ, ಕ್ಯಾಂಟೀನ್ ಯಾವ ಕಡೆ ಎಂಬುದೆಲ್ಲ ಬಾಯಿಪಾಠ.

"ಅದಕ್ಕ ಹೇಳೋದ್ರಿ," ಎಂದರು ಮಾಸ್ತರರು, "ಊರಿನ ನಿಜವಾದ ಅನುಕೂಲ ಅಂದ್ರ ರೈಲು."

ಮಾತು ಖರೆ. ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಮಾರ್ಗವೂ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ಇದೇ ರಾಯಚೂರಿನಲ್ಲಿ. ಓದಲು ಬೆಂಗಳೂರು, ರೋಗಕ್ಕೂ ಮದುವೆ ಜವಳಿಗೂ ಹೈದರಾಬಾದ್, ದುಡಿಯಲು ಪುಣೆ, ಮುಂಬೈ. ಎತ್ತ ಹೋಗುವುದಿದ್ದರೂ ಗಾಡಿ ಇದೆ. ರಾಯಚೂರಿನಲ್ಲಿ ಬಾಳುವ ಅನುಕೂಲಗಳನ್ನು ಒಂದೊಂದಾಗಿ ಎಣಿಸುತ್ತ ಹೋದರೆ ಅವೆಲ್ಲ ರಾಯಚೂರು ಬಿಡುವ ಅನುಕೂಲಗಳೇ. ಸಂವಿಧಾನದ 371ಜೆ ವಿಧಿ ತಗೊಳ್ಳಿ: ಈ ಭಾಗದವರೆಂದು ಅರ್ಹತಾ ಪ್ರಮಾಣಪತ್ರ ಸಿಕ್ಕರೆ ನೌಕರಿ, ಸೀಟು ಎರಡಕ್ಕೂ ಮೀಸಲು. ಅದನ್ನು ಲ್ಯಾಮಿನೇಟ್ ಮಾಡಿಸಿ ಬೆಂಗಳೂರಿನ ಗೋದ್ರೇಜ್ ಕಪಾಟಿನಲ್ಲಿ ಇಟ್ಟುಕೊಂಡವರಿಗೆ ಕಲ್ಯಾಣ ಕರ್ನಾಟಕದ ಮೇಲಿರುವ ಅಭಿಮಾನ ಇಲ್ಲಿರುವ ನಮಗೂ ಇಲ್ಲ.

ತರುಣ ಎಲ್ಲ ಕೇಳಿಸಿಕೊಂಡ. ಪಾಪದ ಹುಡುಗ, ಹೋಗುವ ಮುಂಚೆ ಮರ್ಯಾದೆಗೆಂದು ಒಂದು ಮಾತು ಹೆಚ್ಚಿಗೆ ಆಡಿದ: "ಏನೇ ಆಗ್ಲಿ ಸರ್, ಜನ ಒಳ್ಳೆಯವರು. ಮುಂದೆ ಒಂದು ಸೈಟ್ ತಗೊಂಡ್ರೂ ತಗೋಬಹುದು."

ಹೊಗೆ, ಬೂದಿ, ನೀರು, ಬಿಸಿಲು ಎಲ್ಲ ಒಂದೇ ಕ್ಷಣದಲ್ಲಿ ಆವಿಯಾದವು. ದಲಾಲರು ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ನೀಲನಕ್ಷೆ ತೆಗೆದು ಚಹಾದ ಕಲೆಗಳ ಮೇಲೆ ಹರಡಿದರು.

"ಇದು ನೋಡ್ರಿ, ಪೂರ್ವಕ್ಕ ಮುಖ, ಕ್ಲಿಯರ್ ಟೈಟಲ್. ಆಗೋ ವಿಮಾನ ನಿಲ್ದಾಣ ಐದು ನಿಮಿಷ. ಬರೋ ಏಮ್ಸ್ ಹತ್ತು ನಿಮಿಷ."

"ಏಮ್ಸ್ ಎಲ್ಲಿ ಬಂದಿದೆ ಸರ್?"

"ರೇಟಿನಾಗ ಆಗಲೇ ಬಂದದ," ಎಂದರು ಮಾಸ್ತರರು. ಬಾಜೂಕಿನ ಪ್ಲಾಟ್ ಅವರದು.