ಬೆಳಗಿನ ಜಾವದ ನಿದ್ದೆಯ ಲೆಕ್ಕವೇ ಬೇರೆ

‘8 ಗಂಟೆ ಬದಲು 6 ಗಂಟೆ ಮಲಗಿದರೆ ನಿದ್ದೆಯ ಎಲ್ಲ ಹಂತಗಳೂ ಕಾಲು ಭಾಗ ಕಡಿಮೆಯಾಗುತ್ತವೆ, ಅಷ್ಟೇ’ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಹೀಗೆ ಹಂತಗಳು ಸುತ್ತು ಸುತ್ತಾಗಿ ಬರುತ್ತವೆ; ಒಂದು ಸುತ್ತು ಸುಮಾರು 90 ನಿಮಿಷ, ಸರಿ. ಆದರೆ ಎಲ್ಲ ಸುತ್ತೂ ಒಂದೇ ಥರ ಇರುವುದಿಲ್ಲ ಅಲ್ವಾ? ಗಾಢ ನಿದ್ದೆಯ ದೊಡ್ಡ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿದಿರುತ್ತದೆ. ಕಣ್ಣುಗುಡ್ಡೆ ಓಡಾಡುವ, ಕನಸು ಜಾಸ್ತಿ ಬೀಳುವ ಆರ್‌ಇಎಂ ನಿದ್ದೆ ಬೆಳಗಿನ ಜಾವಕ್ಕೆ ಉದ್ದವಾಗುತ್ತಾ ಹೋಗುತ್ತದೆ. ಕೊನೆಯ 2 ಗಂಟೆ ಕತ್ತರಿಸಿದರೆ ಏಟು ಬೀಳುವುದು ಮುಖ್ಯವಾಗಿ ಅದಕ್ಕೇ.

ನಮ್ಮ ಮಾರತ್ತಹಳ್ಳಿ ಕಡೆ ಬೆಳಗಿನ ಶಿಫ್ಟ್‌ನವರನ್ನು ನೋಡಿ. ನಾಲ್ಕೂವರೆಗೆಲ್ಲ ಕ್ಯಾಬ್ ಹಾರ್ನ್ ಹೊಡೆಯುತ್ತದೆ. ನನ್ನ ತಮ್ಮ ಅರ್ಧ ಕನಸಲ್ಲೇ ಎದ್ದು, ಒಂದು ಕಾಲಿಗೆ ನನ್ನ ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗಿದ್ದೂ ಇದೆ. ಅವನ ವಾಚ್ ಮಾತ್ರ ‘ಆರ್‌ಇಎಂ ಚೆನ್ನಾಗಿದೆ’ ಅನ್ನುತ್ತದೆ! ಅದು ಕೈಯ ಅಲುಗಾಟ, ನಾಡಿ ಬಡಿತ ನೋಡಿ ಅಂದಾಜು ಹೊಡೆಯುತ್ತದೆ, ಅಷ್ಟೇ. ಆರ್‌ಇಎಂನಲ್ಲಿ ಮೆದುಳಿನ ಅಲೆಗಳು ಹೆಚ್ಚು ಕಡಿಮೆ ಎಚ್ಚರದಲ್ಲಿದ್ದಾಗಿನ ಹಾಗೇ ಇರುತ್ತವೆ, ಕೈಕಾಲು ಮಾತ್ರ ಪೂರ್ತಿ ಸಡಿಲ. ಅದನ್ನು ಸರಿಯಾಗಿ ಹಿಡಿಯಬೇಕಾದರೆ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ಇದನ್ನೆಲ್ಲ ಅಳೆಯುವ ವೈರು ಅಂಟಿಸಿಕೊಂಡೇ ಮಲಗಬೇಕು.